‘ಎಂದು’ ಬಿದ್ದುಹೋದರೆ ಊಹೆಯೂ ಸತ್ಯವಾಗುತ್ತದೆ: ಫಾರ್ವರ್ಡ್ ಮಾಡುವ ಮುನ್ನ ಇಷ್ಟು ಇಂಗ್ಲಿಷ್ ವ್ಯಾಕರಣ ಗೊತ್ತಿರಲಿ

2020ರ ಮಾರ್ಚ್ ಕೊನೆಯ ವಾರ. ಲಾಕ್‌ಡೌನ್ ಆಗಷ್ಟೇ ಶುರುವಾಗಿತ್ತು. ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಬಿಪಿ ಮಾತ್ರೆ ನುಂಗುವವರಿಗೆ ಕೊರೊನಾ ಬಂದರೆ ಪ್ರಾಣಕ್ಕೇ ಅಪಾಯ, ವಿದೇಶಿ ವೈದ್ಯಕೀಯ ಪತ್ರಿಕೆಯಲ್ಲೇ ಇದು ಬಂದಿದೆ ಎಂಬುದು ಅದರ ಸಾರ. ಕೆಳಗೆ ಪತ್ರಿಕೆಯ ಹೆಸರು, ಮಾತ್ರೆಗಳ ಹೆಸರು ಎಲ್ಲವೂ ಸರಿಯಾಗಿಯೇ ಇದ್ದವು.

ನಮ್ಮ ದೊಡ್ಡಮ್ಮನಿಗೆ ಹತ್ತು ವರ್ಷದಿಂದ ಬಿಪಿ. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು ಟೆಲ್ಮಿಸಾರ್ಟನ್ ಮಾತ್ರೆ ನುಂಗುವುದು ತಪ್ಪದ ಅಭ್ಯಾಸ. ಫಾರ್ವರ್ಡ್ ಓದಿದವರು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟರು. ಆರನೇ ದಿನ ತಲೆಸುತ್ತು. ಅಣ್ಣ ಬಿಪಿ ನೋಡಿದರೆ ಮೇಲಿನ ಅಂಕಿ 180 ದಾಟಿತ್ತು. ಡಾಕ್ಟರು ಫೋನಿನಲ್ಲೇ ಗದರಿ ಮತ್ತೆ ಮಾತ್ರೆ ಶುರು ಮಾಡಿಸಿದರು. ದೊಡ್ಡ ಅನಾಹುತವೇನೂ ಆಗಲಿಲ್ಲ. ಆದರೆ ಆಗಬಹುದಿತ್ತು.

ಆಗ ನಾನು ಸಂವಹನ ವಿಷಯದ ವಿದ್ಯಾರ್ಥಿನಿ. ಆ ಫಾರ್ವರ್ಡಿನ ಮೂಲ ಹುಡುಕಿಕೊಂಡು ಹೋದೆ. ಪತ್ರಿಕೆ ನಿಜವಾದದ್ದೇ. ‘ದ ಲ್ಯಾನ್ಸೆಟ್ ರೆಸ್ಪಿರೇಟರಿ ಮೆಡಿಸಿನ್’ ಎಂಬ ಹೆಸರಾಂತ ಪತ್ರಿಕೆ ಅದೇ ತಿಂಗಳು ಪ್ರಕಟಿಸಿದ್ದ ಒಂದು ಚಿಕ್ಕ ಪತ್ರ. ರೋಗಿಗಳ ಮೇಲೆ ಪ್ರಯೋಗ ಮಾಡಿ ಬರೆದದ್ದಲ್ಲ. ಅದರ ಮುಖ್ಯ ವಾಕ್ಯ ಶುರುವಾಗುವುದೇ ‘ವಿ ದೇರ್‌ಫೋರ್ ಹೈಪಾಥಿಸೈಸ್ ದಟ್’ ಎಂಬ ಪದಗಳಿಂದ. ಅಂದರೆ, ‘ಹೀಗಿರಬಹುದು ಎಂದು ನಾವು ಊಹಿಸುತ್ತೇವೆ’.

ಫಾರ್ವರ್ಡ್ ಬರೆದವರು ‘ದಟ್’ ನಂತರದ ಮಾತನ್ನೆಲ್ಲ ಇಟ್ಟುಕೊಂಡಿದ್ದರು. ‘ದಟ್’ಗಿಂತ ಮೊದಲಿನ ಮಾತನ್ನು ಬಿಟ್ಟಿದ್ದರು. ಸುಳ್ಳು ಹುಟ್ಟಿದ್ದು ಅಲ್ಲಿ, ವ್ಯಾಕರಣದ ಒಂದು ಕೀಲಿನಲ್ಲಿ. ಆ ಕೀಲಿನ ಹೆಸರು ‘ನೌನ್ ಕ್ಲಾಸ್’. ಶಾಲೆಯಲ್ಲಿ ಇದನ್ನು ಅಂಕಕ್ಕಾಗಿ ಓದಿ ಮರೆತಿರುತ್ತೇವೆ. ಮೊಬೈಲ್ ಹಿಡಿದ ಈ ಕಾಲದಲ್ಲಿ ಅದನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು.

ಏನಿದು ನೌನ್ ಕ್ಲಾಸ್?

ಇಲ್ಲಿ ‘ಕ್ಲಾಸ್’ ಎಂದರೆ ತರಗತಿಯಲ್ಲ, ಉಪವಾಕ್ಯ. ಒಂದು ದೊಡ್ಡ ವಾಕ್ಯದೊಳಗೆ ಕೂತಿರುವ ಚಿಕ್ಕ ವಾಕ್ಯ. ಆ ಚಿಕ್ಕ ವಾಕ್ಯ ಪೂರ್ತಿಯಾಗಿ ಒಂದು ನಾಮಪದದ ಕೆಲಸ ಮಾಡಿದರೆ ಅದು ನೌನ್ ಕ್ಲಾಸ್. ಕನ್ನಡದಲ್ಲಿ ನಾಮ ಉಪವಾಕ್ಯ ಎನ್ನಬಹುದು.

‘ಐ ನೋ ರವಿ’ ಎನ್ನುವ ವಾಕ್ಯ ತೆಗೆದುಕೊಳ್ಳಿ. ನನಗೆ ರವಿ ಗೊತ್ತು. ಇಲ್ಲಿ ‘ರವಿ’ ನಾಮಪದ. ಈಗ ‘ಐ ನೋ ದಟ್ ರವಿ ಈಸ್ ಇಲ್’ ಎನ್ನಿ. ರವಿಗೆ ಹುಷಾರಿಲ್ಲ ಎಂದು ನನಗೆ ಗೊತ್ತು. ಮೊದಲ ವಾಕ್ಯದಲ್ಲಿ ‘ರವಿ’ ಕೂತಿದ್ದ ಕುರ್ಚಿಯಲ್ಲಿ ಈಗ ‘ದಟ್ ರವಿ ಈಸ್ ಇಲ್’ ಎಂಬ ಇಡೀ ವಾಕ್ಯ ಕೂತಿದೆ. ಅಷ್ಟೇ ವಿಷಯ.

ಗುರುತಿಸಲು ಸುಲಭದ ಪರೀಕ್ಷೆಯೊಂದಿದೆ. ಅನುಮಾನ ಬಂದ ಭಾಗವನ್ನು ಪೂರ್ತಿ ಎತ್ತಿ, ಅದರ ಜಾಗದಲ್ಲಿ ‘ಇಟ್’ ಅಥವಾ ‘ಸಮ್‌ಥಿಂಗ್’ ಇಟ್ಟು ನೋಡಿ. ‘ಐ ನೋ ಇಟ್’ ಸರಿಹೋಗುತ್ತದೆ, ಹಾಗಾಗಿ ಅದು ನೌನ್ ಕ್ಲಾಸ್. ‘ಐ ವಿಲ್ ಕಾಲ್ ಯು ವೆನ್ ಐ ರೀಚ್ ಹೋಮ್’ ಎನ್ನುವುದರಲ್ಲಿ ‘ವೆನ್ ಐ ರೀಚ್ ಹೋಮ್’ ತೆಗೆದು ‘ಸಮ್‌ಥಿಂಗ್’ ಇಟ್ಟರೆ ವಾಕ್ಯ ಕೆಡುತ್ತದೆ. ಅದು ಯಾವಾಗ ಎಂದು ಹೇಳುವ ಕ್ರಿಯಾವಿಶೇಷಣ, ನಾಮಪದವಲ್ಲ.

ನಾಮಪದ ಎಲ್ಲೆಲ್ಲಿ ಕೂರಬಹುದೋ ಹೆಚ್ಚುಕಡಿಮೆ ಅಲ್ಲೆಲ್ಲ ನೌನ್ ಕ್ಲಾಸ್ ಕೂರುತ್ತದೆ. ‘ವಾಟ್ ಯು ಈಟ್ ಮ್ಯಾಟರ್ಸ್’ ಎಂದಾಗ ‘ವಾಟ್ ಯು ಈಟ್’ ಕರ್ತೃ. ನೀವು ಏನು ತಿನ್ನುತ್ತೀರಿ ಎಂಬುದು ಮುಖ್ಯ. ‘ಡಾಕ್ಟರ್ಸ್ ಸೇ ದಟ್ ಇಟ್ ಈಸ್ ಸೇಫ್’ ಎಂದಾಗ ಕರ್ಮ. ‘ದ ಪ್ರಾಬ್ಲಮ್ ಈಸ್ ದಟ್ ನೋಬಡಿ ಚೆಕ್ಡ್’ ಎಂದಾಗ ‘ಈಸ್’ ನಂತರದ ಪೂರಕ. ‘ಇಟ್ ಡಿಪೆಂಡ್ಸ್ ಆನ್ ಹೌ ಓಲ್ಡ್ ಯು ಆರ್’ ಎಂದಾಗ ‘ಆನ್’ ಎಂಬ ಪ್ರಿಪೊಸಿಷನ್ ಹಿಂದೆ ಬಂದಿದೆ.

ಇದರ ಬಾಗಿಲು ಕಾಯುವ ಪದಗಳು ಮೂರು ಬಗೆ. ಒಂದು, ‘ದಟ್’. ಎರಡು, ‘ವೆದರ್’ ಮತ್ತು ‘ಇಫ್’. ಮೂರು, ‘ವಾಟ್, ವೈ, ಹೌ, ವೇರ್, ಹೂ’ ಮುಂತಾದ ಪ್ರಶ್ನೆಪದಗಳು. ಈ ಮೂರೂ ಓದುಗರ ಮೇಲೆ ಮಾಡುವ ಪರಿಣಾಮ ಬೇರೆ ಬೇರೆ. ಅದನ್ನು ಮುಂದೆ ನೋಡೋಣ.

ಇಂಗ್ಲಿಷ್‌ನಲ್ಲಿ ಎಚ್ಚರಿಕೆ ಮೊದಲು, ಕನ್ನಡದಲ್ಲಿ ಕೊನೆಗೆ

ನಾಮ ಉಪವಾಕ್ಯ ಕನ್ನಡಕ್ಕೇನೂ ಹೊಸದಲ್ಲ. ‘ಎಂದು’, ‘ಎಂಬುದು’, ‘ಎಂಬ’, ಮಾತಿನಲ್ಲಾದರೆ ‘ಅಂತ’. ಇವೆಲ್ಲ ಅದೇ ಕೆಲಸ ಮಾಡುತ್ತವೆ. ವ್ಯತ್ಯಾಸ ಇರುವುದು ಜಾಗದಲ್ಲಿ.

ಇಂಗ್ಲಿಷ್‌ನಲ್ಲಿ ‘ಹಿ ಸೆಡ್ ದಟ್ ಇಟ್ ವುಡ್ ರೇನ್’. ಹೇಳಿದವರು ಯಾರು ಎಂಬುದು ಮೊದಲು ಬರುತ್ತದೆ, ಹೇಳಿದ್ದೇನು ಎಂಬುದು ಆಮೇಲೆ. ಕನ್ನಡದಲ್ಲಿ ‘ಮಳೆ ಬರುತ್ತದೆ ಎಂದು ಅವನು ಹೇಳಿದ’. ಹೇಳಿದ್ದು ಮೊದಲು, ಅದಕ್ಕೆ ‘ಎಂದು’ ಎಂಬ ಬೀಗ, ಕೊನೆಗೆ ಹೇಳಿದವನು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಇದು ಸಹಜ. ಯಾವುದೂ ಮೇಲಲ್ಲ, ಯಾವುದೂ ಕೀಳಲ್ಲ.

ಆದರೆ ಮೊಬೈಲ್ ಪರದೆ ಚಿಕ್ಕದು. ಉದ್ದದ ಮೆಸೇಜಿನ ಮೊದಲ ಭಾಗ ಮಾತ್ರ ಕಂಡು, ಉಳಿದದ್ದು ‘ಇನ್ನಷ್ಟು ಓದಿ’ ಎಂಬುದರ ಹಿಂದೆ ಅಡಗುತ್ತದೆ. ನೋಟಿಫಿಕೇಶನ್‌ನಲ್ಲಿ ಕಾಣುವುದು ಒಂದೆರಡು ಸಾಲು ಮಾತ್ರ. ‘ಬಿಪಿ ಮಾತ್ರೆಯಿಂದ ಕೊರೊನಾ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಸಂಶೋಧಕರು ಊಹಿಸಿದ್ದಾರೆ’ ಎಂಬ ವಾಕ್ಯವನ್ನು ಅರ್ಧಕ್ಕೆ ಕತ್ತರಿಸಿ ನೋಡಿ. ‘ಬಿಪಿ ಮಾತ್ರೆಯಿಂದ ಕೊರೊನಾ ಸಾವಿನ ಅಪಾಯ ಹೆಚ್ಚುತ್ತದೆ’ ಎಂದು ಉಳಿಯುತ್ತದೆ. ಅದು ವ್ಯಾಕರಣದ ಪ್ರಕಾರ ಪೂರ್ತಿ ವಾಕ್ಯ. ಏನೋ ಕಳೆದುಹೋಗಿದೆ ಎಂಬ ಅನುಮಾನವೇ ಬರುವುದಿಲ್ಲ. ಇಂಗ್ಲಿಷ್ ವಾಕ್ಯವನ್ನು ಹಾಗೆ ಅರ್ಧಕ್ಕೆ ಕತ್ತರಿಸಿದರೆ ‘ಸಂಶೋಧಕರು ಊಹಿಸುವುದೇನೆಂದರೆ’ ಎಂಬಷ್ಟೇ ಉಳಿಯುತ್ತದೆ. ಯಾರೂ ಅದನ್ನು ಸುದ್ದಿ ಎಂದುಕೊಳ್ಳುವುದಿಲ್ಲ.

ಹಾಗಾಗಿ ಕನ್ನಡದಲ್ಲಿ ಆರೋಗ್ಯ ಸುದ್ದಿ ಓದುವವರಿಗೆ ಒಂದು ಮಾತು: ವಾಕ್ಯದ ಬಾಲ ನೋಡದೆ ನಂಬಬೇಡಿ. ನಮ್ಮಲ್ಲಿ ಎಚ್ಚರಿಕೆ ಇರುವುದು ಬಾಲದಲ್ಲೇ.

‘ದಟ್’ಗೆ ಮೊದಲಿನ ಕ್ರಿಯಾಪದವೇ ತಕ್ಕಡಿ

‘ದಟ್’ ಎಂಬುದು ಸತ್ಯಕ್ಕೂ ಗ್ಯಾರಂಟಿ ಕೊಡುವುದಿಲ್ಲ, ಸುಳ್ಳಿಗೂ ಕೊಡುವುದಿಲ್ಲ. ಅದು ಬರೀ ಚೀಲ. ಒಳಗಿರುವುದರ ತೂಕ ಹೇಳುವುದು ಅದರ ಮೊದಲು ಬರುವ ಕ್ರಿಯಾಪದ.

‘ನೋ’, ‘ರಿಯಲೈಸ್’, ‘ರಿಗ್ರೆಟ್’ ಮುಂತಾದ ಪದಗಳ ಹಿಂದೆ ಬರುವ ಮಾತನ್ನು ಹೇಳುವವರು ಸತ್ಯವೆಂದೇ ಹಿಡಿದಿರುತ್ತಾರೆ. ‘ಸೇ’, ‘ಕ್ಲೇಮ್’, ‘ಬಿಲೀವ್’ ಎಂದರೆ ಅದು ಒಬ್ಬರ ಹೇಳಿಕೆ ಅಥವಾ ನಂಬಿಕೆ. ‘ಸಜೆಸ್ಟ್’ ಎಂದರೆ ಸುಳಿವು. ‘ಹೈಪಾಥಿಸೈಸ್’ ಎಂದರೆ ಪರೀಕ್ಷಿಸಬೇಕಾದ ಊಹೆ. ಈ ವ್ಯತ್ಯಾಸವನ್ನು ಭಾಷಾವಿಜ್ಞಾನಿಗಳಾದ ಪಾಲ್ ಕಿಪಾರ್ಸ್ಕಿ ಮತ್ತು ಕ್ಯಾರಲ್ ಕಿಪಾರ್ಸ್ಕಿ 1970ರಲ್ಲಿ ‘ಫ್ಯಾಕ್ಟ್’ ಎಂಬ ಹೆಸರಿನ ಪ್ರಬಂಧದಲ್ಲಿ ವಿವರಿಸಿದರು. ಮೊದಲ ಗುಂಪಿನ ಕ್ರಿಯಾಪದಗಳಿಗೆ ‘ಫ್ಯಾಕ್ಟಿವ್’ ಎಂಬ ಹೆಸರು ನಿಂತಿತು.

ಯಾವ ಪದ ಯಾವ ಗುಂಪು ಎಂದು ತಿಳಿಯಲು ವಾಕ್ಯವನ್ನು ನಿಷೇಧ ಮಾಡಿ ನೋಡಿ. ‘ಹಿ ಡಸಂಟ್ ನೋ ದಟ್ ದ ರೋಡ್ ಈಸ್ ಕ್ಲೋಸ್ಡ್’. ರಸ್ತೆ ಮುಚ್ಚಿರುವುದು ಅವನಿಗೆ ಗೊತ್ತಿಲ್ಲ. ಅವನಿಗೆ ಗೊತ್ತಿಲ್ಲದಿದ್ದರೂ ರಸ್ತೆ ಮುಚ್ಚಿದೆ. ಈಗ ‘ಹಿ ಡಸಂಟ್ ಸೇ ದಟ್ ದ ರೋಡ್ ಈಸ್ ಕ್ಲೋಸ್ಡ್’. ರಸ್ತೆ ಮುಚ್ಚಿದೆ ಎಂದು ಅವನು ಹೇಳುತ್ತಿಲ್ಲ. ಇಲ್ಲಿ ರಸ್ತೆ ಮುಚ್ಚಿದೆಯೋ ತೆರೆದಿದೆಯೋ ಗೊತ್ತಾಗುವುದಿಲ್ಲ.

ಕನ್ನಡ ಎಷ್ಟು ಸೂಕ್ಷ್ಮ ನೋಡಿ. ಮೊದಲ ವಾಕ್ಯಕ್ಕೆ ನಾವು ‘ಮುಚ್ಚಿರುವುದು’ ಎಂದೆವು, ಎರಡನೆಯದಕ್ಕೆ ‘ಮುಚ್ಚಿದೆ ಎಂದು’. ಆಗಿಹೋದ ಸಂಗತಿಗೆ ‘ಇರುವುದು’, ಯಾರದೋ ಮಾತಿಗೆ ‘ಎಂದು’. ಇದು ಕಟ್ಟುನಿಟ್ಟಿನ ನಿಯಮವಲ್ಲ, ಆದರೆ ನಮ್ಮ ಕಿವಿಗೆ ಅಭ್ಯಾಸವಾಗಿರುವ ರೂಢಿ. ಕೊರೊನಾ ಕಾಲದ ಸುದ್ದಿಗಳಲ್ಲಿ ‘ಸೋಂಕು ತಗುಲಿರುವುದು ದೃಢಪಟ್ಟಿದೆ’ ಎಂಬ ಮಾತನ್ನು ಎಷ್ಟು ಸಲ ಕೇಳಿಲ್ಲ? ಅದೇ ‘ಸೋಂಕು ತಗುಲಿದೆ ಎನ್ನಲಾಗಿದೆ’ ಎಂದರೆ ವರದಿಗಾರರು ಒಂದು ಹೆಜ್ಜೆ ದೂರ ನಿಂತಿದ್ದಾರೆ ಎಂದರ್ಥ.

ಬಿಪಿ ಮಾತ್ರೆಯ ಕಥೆ ಆಮೇಲೆ ಏನಾಯಿತು?

ಪತ್ರ ಬರೆದವರ ಊಹೆಗೆ ಆಧಾರವಿರಲಿಲ್ಲವೆಂದಲ್ಲ. ಕೊರೊನಾ ವೈರಸ್ ನಮ್ಮ ಜೀವಕೋಶದೊಳಗೆ ನುಗ್ಗುವುದು ಏಸ್-2 ಎಂಬ ಪ್ರೋಟೀನನ್ನು ಹಿಡಿದುಕೊಂಡು. ಕೆಲವು ಬಿಪಿ ಮಾತ್ರೆಗಳು ಆ ಪ್ರೋಟೀನನ್ನು ಹೆಚ್ಚಿಸಬಹುದು ಎಂಬ ಸುಳಿವು ಮೊದಲೇ ಇತ್ತು. ಹಾಗಾದರೆ ಅಪಾಯವೂ ಹೆಚ್ಚಬಹುದೇ ಎಂಬುದು ಕೇಳಬೇಕಾದ ಪ್ರಶ್ನೆಯೇ.

2020ರ ಮಾರ್ಚ್ 13ರಂದು ಯುರೋಪಿನ ಹೃದ್ರೋಗ ತಜ್ಞರ ಸಂಘವು ಹೇಳಿಕೆ ನೀಡಿತು. ಈ ಮಾತ್ರೆಗಳಿಂದ ಕೊರೊನಾ ಉಲ್ಬಣಿಸುತ್ತದೆ ಎಂಬುದಕ್ಕೆ ಪುರಾವೆ ಇಲ್ಲ, ರೋಗಿಗಳು ಮಾತ್ರೆ ಮುಂದುವರಿಸಬೇಕು ಎಂದಿತು. ಯಾಕೆಂದರೆ ಮಾತ್ರೆಯಿಂದ ಆಗಬಹುದಾದ ಕೆಡುಕು ಊಹೆ, ಆದರೆ ಮಾತ್ರೆ ಬಿಟ್ಟರೆ ಬಿಪಿ ಏರುವುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಆಮೇಲೆ ಬ್ರೆಜಿಲ್ ದೇಶದಲ್ಲಿ ನೇರ ಪರೀಕ್ಷೆಯೇ ನಡೆಯಿತು. ಈ ಮಾತ್ರೆ ನುಂಗುತ್ತಿದ್ದ, ಕೊರೊನಾದಿಂದ ಆಸ್ಪತ್ರೆ ಸೇರಿದ 659 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾತ್ರೆ ತಾತ್ಕಾಲಿಕವಾಗಿ ನಿಲ್ಲಿಸಿದರು, ಇನ್ನೊಂದಕ್ಕೆ ಮುಂದುವರಿಸಿದರು. 30 ದಿನಗಳಲ್ಲಿ ಎಷ್ಟು ದಿನ ಬದುಕಿದ್ದು ಆಸ್ಪತ್ರೆಯ ಹೊರಗಿದ್ದರು ಎಂದು ಎಣಿಸಿದರು. ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಫಲಿತಾಂಶ 2021ರ ಜನವರಿಯಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ಇಡೀ ಕಥೆ ಮೂರು ನೌನ್ ಕ್ಲಾಸ್‌ಗಳಲ್ಲಿ ಮುಗಿಯುತ್ತದೆ. ಮೊದಲು ‘ಹೈಪಾಥಿಸೈಸ್ ದಟ್’, ಹೀಗಿರಬಹುದು ಎಂಬ ಊಹೆ. ಆಮೇಲೆ ‘ಸ್ಟಡಿ ವೆದರ್’, ಹೌದೋ ಅಲ್ಲವೋ ಎಂಬ ಪರೀಕ್ಷೆ. ಕೊನೆಗೆ ‘ಫೈಂಡ್ ದಟ್’, ಹೀಗೆ ಕಂಡುಬಂತು ಎಂಬ ಉತ್ತರ. ವಿಜ್ಞಾನ ಮೊದಲ ಹೆಜ್ಜೆಯಿಂದ ಮೂರನೆಯದಕ್ಕೆ ಹೋಗಲು ತಿಂಗಳುಗಟ್ಟಲೆ ಬೇಕಾಯಿತು. ಫಾರ್ವರ್ಡ್ ಒಂದೇ ರಾತ್ರಿಯಲ್ಲಿ ಹೋಗಿಬಿಟ್ಟಿತು, ಅದೂ ತಪ್ಪು ಉತ್ತರಕ್ಕೆ.

‘ಪುರಾವೆ ಇಲ್ಲ’ ಎಂದರೆ ಏನರ್ಥ?

ಹೆಚ್ಚು ಜನ ಎಡವುವ ಇನ್ನೊಂದು ಜಾಗ ‘ದೇರ್ ಈಸ್ ನೋ ಎವಿಡೆನ್ಸ್ ದಟ್’. ಇಲ್ಲಿ ‘ದಟ್’ ನಂತರದ ನೌನ್ ಕ್ಲಾಸ್, ಯಾವುದಕ್ಕೆ ಪುರಾವೆ ಎಂದು ಹೇಳುತ್ತದೆ. ‘ನೋ’ ಎಂಬ ನಿಷೇಧ ಅಂಟಿರುವುದು ಪುರಾವೆಗೆ. ಒಳಗಿನ ಮಾತಿಗೆ ಅಲ್ಲ.

ಅಡುಗೆಮನೆಯ ಉದಾಹರಣೆ ನೋಡಿ. ‘ಹಾಲು ಒಡೆದಿದೆ ಎಂಬುದಕ್ಕೆ ಪುರಾವೆ ಇಲ್ಲ’ ಎನ್ನುತ್ತೇನೆ. ಮುಚ್ಚಳ ತೆಗೆದು, ಮೂಸಿ, ಕಾಯಿಸಿ ನೋಡಿ ಹೀಗೆ ಹೇಳಿದರೆ ಹಾಲು ಚೆನ್ನಾಗಿದೆ ಎಂದು ನಂಬಬಹುದು. ಮುಚ್ಚಳವನ್ನೇ ತೆಗೆಯದೆ ಹೇಳಿದರೂ ನನ್ನ ವಾಕ್ಯ ಸುಳ್ಳಲ್ಲ! ಆದರೆ ಅದರಿಂದ ಹಾಲಿನ ಬಗ್ಗೆ ನಿಮಗೇನೂ ತಿಳಿಯುವುದಿಲ್ಲ. ಆದ್ದರಿಂದ ‘ಪುರಾವೆ ಇಲ್ಲ’ ಎಂದು ಯಾರಾದರೂ ಹೇಳಿದ ಕೂಡಲೇ ಕೇಳಬೇಕಾದದ್ದು: ಮುಚ್ಚಳ ತೆಗೆದು ನೋಡಿದ್ದೀರಾ?

ಇದರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಎಡವಟ್ಟು ಮಾಡಿಕೊಂಡಿತ್ತು. ಕೊರೊನಾದಿಂದ ಗುಣವಾಗಿ ದೇಹದಲ್ಲಿ ಪ್ರತಿಕಾಯ ಇರುವವರಿಗೆ ಎರಡನೇ ಸಲ ಸೋಂಕು ತಗುಲದಂತೆ ರಕ್ಷಣೆ ಇರುತ್ತದೆ ಎಂಬುದಕ್ಕೆ ಸದ್ಯ ಪುರಾವೆ ಇಲ್ಲ ಎಂದು 2020ರ ಏಪ್ರಿಲ್ 24ರ ಟಿಪ್ಪಣಿಯಲ್ಲಿ ಅದು ಬರೆಯಿತು. ಹೇಳಲು ಹೊರಟಿದ್ದು ‘ಇನ್ನೂ ಅಧ್ಯಯನ ಆಗಿಲ್ಲ’ ಎಂದು. ಜನ ಓದಿಕೊಂಡಿದ್ದು ‘ಒಮ್ಮೆ ಬಂದು ಹೋದರೂ ರಕ್ಷಣೆ ಇಲ್ಲ’ ಎಂದು. ಗಾಬರಿ ಹಬ್ಬಿತು. ಮರುದಿನವೇ ಸಂಸ್ಥೆ ಸ್ಪಷ್ಟನೆ ಕೊಟ್ಟು, ಸೋಂಕು ತಗುಲಿದ ಹೆಚ್ಚಿನವರಲ್ಲಿ ಪ್ರತಿಕಾಯ ಮೂಡಿ ಒಂದಿಷ್ಟು ರಕ್ಷಣೆ ಸಿಗುತ್ತದೆ ಎಂದು ನಿರೀಕ್ಷಿಸುತ್ತೇವೆ ಎಂದಿತು. ಒಂದೇ ದಿನದಲ್ಲಿ ವಿಜ್ಞಾನವೇನೂ ಬದಲಾಗಿರಲಿಲ್ಲ. ಬದಲಾದದ್ದು ನೌನ್ ಕ್ಲಾಸ್‌ಗೆ ಮೊದಲಿನ ಮಾತು. ‘ನೋ ಎವಿಡೆನ್ಸ್’ ಹೋಗಿ ‘ಎಕ್ಸ್‌ಪೆಕ್ಟ್’ ಬಂದಿತ್ತು.

ಇದಕ್ಕೆ ಉಲ್ಟಾ ತಪ್ಪೂ ನಡೆದಿದೆ. 2020ರ ಜನವರಿ 14ರಂದು ಅದೇ ಸಂಸ್ಥೆ, ಚೀನಾದ ಅಧಿಕಾರಿಗಳ ಪ್ರಾಥಮಿಕ ತನಿಖೆಯಲ್ಲಿ ವೈರಸ್ ಮನುಷ್ಯರಿಂದ ಮನುಷ್ಯರಿಗೆ ಹರಡುವುದಕ್ಕೆ ಸ್ಪಷ್ಟ ಪುರಾವೆ ಸಿಕ್ಕಿಲ್ಲ ಎಂದು ಟ್ವೀಟ್ ಮಾಡಿತ್ತು. ‘ಪ್ರಾಥಮಿಕ’, ‘ಸ್ಪಷ್ಟ’ ಎಂಬ ಪದಗಳನ್ನು ಬಿಟ್ಟು ಓದಿದವರಿಗೆ ಅದು ‘ಹರಡುವುದಿಲ್ಲ’ ಎಂದು ಕೇಳಿಸಿತು. ಜನವರಿ 20ರಂದು, ಹರಡುತ್ತಿರುವುದು ನಿಜವೆಂದು ಚೀನಾದ ತಜ್ಞರೇ ಖಚಿತಪಡಿಸಿದರು.

‘ವೆದರ್’ ಕೇಳುತ್ತದೆ, ‘ವೈ’ ಮತ್ತು ‘ಹೌ’ ಮೊದಲೇ ತೀರ್ಮಾನ ಮಾಡಿರುತ್ತವೆ

‘ವೆದರ್’ ಬಂದರೆ ಉತ್ತರ ಇನ್ನೂ ತೆರೆದಿದೆ ಎಂದರ್ಥ. ‘ದ ಸ್ಟಡಿ ಎಕ್ಸಾಮಿನ್ಡ್ ವೆದರ್ ಕಾಫಿ ರೈಸಸ್ ಬ್ಲಡ್ ಪ್ರೆಷರ್’ ಎಂದರೆ, ಕಾಫಿಯಿಂದ ರಕ್ತದೊತ್ತಡ ಏರುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಿದರು. ಇದನ್ನು ಅವಸರದಲ್ಲಿ ‘ಕಾಫಿಯಿಂದ ರಕ್ತದೊತ್ತಡ ಏರುವ ಬಗ್ಗೆ ಅಧ್ಯಯನ’ ಎಂದು ಅನುವಾದಿಸುತ್ತಾರೆ. ‘ಬಗ್ಗೆ’ ಎಂಬ ಮುಗ್ಧ ಪದ ಬಂದದ್ದೇ ಪ್ರಶ್ನೆ ಮಾಯವಾಯಿತು. ಏರುವುದು ಗೊತ್ತೇ ಇದೆ, ಅದರ ಬಗ್ಗೆ ಇನ್ನಷ್ಟು ಓದುತ್ತಿದ್ದಾರೆ ಎಂಬ ಭಾವನೆ ಬರುತ್ತದೆ.

‘ವೈ’ ಮತ್ತು ‘ಹೌ’ ಹಾಗಲ್ಲ. ‘ಮೈಕ್ರೋವೇವ್ ಊಟ ಯಾಕೆ ವಿಷ ಎಂದು ತಿಳಿಯಿರಿ’ ಎಂಬ ತಲೆಬರಹ ನೋಡಿ. ವಿಷ ಹೌದೇ ಎಂಬ ಪ್ರಶ್ನೆಯನ್ನು ಹಾರಿಸಿ, ನೇರವಾಗಿ ‘ಯಾಕೆ’ಗೆ ಹೋಗಿದೆ. ‘ಅರಿಶಿನ ಕ್ಯಾನ್ಸರನ್ನು ಹೇಗೆ ಗುಣಪಡಿಸುತ್ತದೆ ಗೊತ್ತಾ?’ ಎಂಬುದೂ ಅಷ್ಟೇ. ನೀವು ‘ಗೊತ್ತಿಲ್ಲ’ ಎಂದರೂ ಗುಣಪಡಿಸುತ್ತದೆ ಎಂಬುದನ್ನು ಒಪ್ಪಿಕೊಂಡ ಹಾಗಾಯಿತು. ‘ಡಾಕ್ಟರುಗಳು ನಿಮಗೆ ಹೇಳದೆ ಮುಚ್ಚಿಟ್ಟಿರುವುದೇನು?’ ಎಂಬುದಂತೂ ಏನೋ ಮುಚ್ಚಿಟ್ಟಿದ್ದಾರೆ ಎಂದು ಮೊದಲೇ ಸಾರಿಬಿಟ್ಟಿದೆ. ಇಂತಹ ತಲೆಬರಹ ಕಂಡಾಗ ‘ಯಾಕೆ’, ‘ಹೇಗೆ’ ತೆಗೆದು ‘ನಿಜವೇ?’ ಎಂದು ಸೇರಿಸಿ ಓದಿ. ಅರ್ಧ ಗಾಳಿ ಅಲ್ಲೇ ಇಳಿಯುತ್ತದೆ.

ಒಂದೇ ‘ದಟ್’, ಎರಡು ಕೆಲಸ

ವಿದ್ಯಾರ್ಥಿಗಳಿಗೆ ಗೊಂದಲವಾಗುವ ವಿಷಯವೊಂದಿದೆ. ಕೆಳಗಿನ ಎರಡು ವಾಕ್ಯ ನೋಡಿ.

‘ದ ನ್ಯೂಸ್ ದಟ್ ದ ಸ್ಕೂಲ್ ಈಸ್ ಕ್ಲೋಸ್ಡ್ ಈಸ್ ಫಾಲ್ಸ್.’

‘ದ ನ್ಯೂಸ್ ದಟ್ ಯು ಸೆಂಟ್ ಈಸ್ ಫಾಲ್ಸ್.’

ಮೊದಲನೆಯದು ನೌನ್ ಕ್ಲಾಸ್. ಸುದ್ದಿಯ ಒಳಗೆ ಏನಿದೆ ಎಂದು ಹೇಳುತ್ತದೆ. ಎರಡನೆಯದು ವಿಶೇಷಣ ಉಪವಾಕ್ಯ. ಯಾವ ಸುದ್ದಿ ಎಂದು ಬೆರಳು ತೋರಿಸುತ್ತದೆ. ‘ದಟ್’ ಜಾಗದಲ್ಲಿ ‘ವಿಚ್’ ಇಟ್ಟು ನೋಡಿ. ಎರಡನೆಯದರಲ್ಲಿ ಸರಿಹೋಗುತ್ತದೆ, ಮೊದಲನೆಯದರಲ್ಲಿ ಹೋಗುವುದಿಲ್ಲ. ಕನ್ನಡಿಗರಿಗೆ ಇನ್ನೂ ಸುಲಭದ ದಾರಿ ಇದೆ. ಅನುವಾದಿಸಿ ನೋಡಿ. ‘ಶಾಲೆ ಮುಚ್ಚಿದೆ ಎಂಬ ಸುದ್ದಿ ಸುಳ್ಳು’, ‘ನೀವು ಕಳಿಸಿದ ಸುದ್ದಿ ಸುಳ್ಳು’. ‘ಎಂಬ’ ಬಂದರೆ ನೌನ್ ಕ್ಲಾಸ್, ಬಾರದಿದ್ದರೆ ಅಲ್ಲ.

ನಮ್ಮಲ್ಲಿ ಓಡಾಡುವ ಮೂರು ತಪ್ಪು ನಂಬಿಕೆ

‘ದಟ್’ ಇಲ್ಲದಿದ್ದರೆ ನೌನ್ ಕ್ಲಾಸ್ ಅಲ್ಲ ಎಂಬುದು ಮೊದಲನೆಯದು. ತಪ್ಪು. ‘ಐ ಥಿಂಕ್ ಹಿ ಈಸ್ ರೈಟ್’ ಎಂಬುದರಲ್ಲಿ ‘ದಟ್’ ಕಾಣದಿದ್ದರೂ ‘ಹಿ ಈಸ್ ರೈಟ್’ ನೌನ್ ಕ್ಲಾಸೇ. ಕರ್ಮದ ಜಾಗದಲ್ಲಿದ್ದಾಗ ‘ದಟ್’ ಬಿಡುವುದು ಸಾಮಾನ್ಯ. ವಾಕ್ಯದ ಆರಂಭದಲ್ಲಿ ಕರ್ತೃವಾಗಿ ಬಂದಾಗ ಮಾತ್ರ ಬಿಡುವಂತಿಲ್ಲ.

ಪ್ರಶ್ನೆಪದ ಬಂದರೆ ಪ್ರಶ್ನೆಯ ಪದಕ್ರಮವೇ ಬರಬೇಕು ಎಂಬುದು ಎರಡನೆಯದು. ‘ಐ ಡೋಂಟ್ ನೋ ವೇರ್ ಈಸ್ ಹಿ’ ಎಂದು ನಮ್ಮಲ್ಲಿ ಬಹಳ ಜನ ಹೇಳುತ್ತಾರೆ. ಬರವಣಿಗೆಯ ಇಂಗ್ಲಿಷ್‌ನಲ್ಲಿ ಅದು ‘ಐ ಡೋಂಟ್ ನೋ ವೇರ್ ಹಿ ಈಸ್’ ಎಂದಾಗಬೇಕು. ನೌನ್ ಕ್ಲಾಸ್ ಒಳಗೆ ಕೂತ ಮೇಲೆ ಅದು ಪ್ರಶ್ನೆಯಲ್ಲ, ಬರೀ ಮಾತು. ಹಾಗಾಗಿ ಕರ್ತೃ ಮೊದಲು, ಕ್ರಿಯಾಪದ ಆಮೇಲೆ.

ಕನ್ನಡದ ‘ಎಂದು’ ಇರುವಲ್ಲೆಲ್ಲ ‘ದಟ್’ ಹಾಕಬೇಕು ಎಂಬುದು ಮೂರನೆಯದು. ‘ಯಾವಾಗ ಬರುತ್ತೀಯ ಎಂದು ಕೇಳಿದೆ’ ಎನ್ನುವುದನ್ನು ‘ಐ ಆಸ್ಕ್ಡ್ ದಟ್ ವೆನ್ ಯು ವಿಲ್ ಕಮ್’ ಎಂದು ಮಾಡಿಬಿಡುತ್ತೇವೆ. ಇಂಗ್ಲಿಷ್‌ನಲ್ಲಿ ಬಾಗಿಲಿಗೆ ಒಬ್ಬನೇ ಕಾವಲುಗಾರ. ‘ವೆನ್’ ಇದ್ದರೆ ‘ದಟ್’ ಬೇಡ. ‘ಐ ಆಸ್ಕ್ಡ್ ವೆನ್ ಯು ವುಡ್ ಕಮ್’ ಸಾಕು.

ಕನ್ನಡದ ‘ಅಂತೆ’ ಎಂಬ ಕಾವಲು

ಇಂಗ್ಲಿಷ್‌ಗೆ ‘ದೇ ಸೇ ದಟ್’ ಎಂದು ಮೂರು ಮಾತು ಸೇರಿಸಬೇಕಾದ ಕೆಲಸವನ್ನು ಕನ್ನಡ ಒಂದು ಪ್ರತ್ಯಯದಲ್ಲಿ ಮುಗಿಸುತ್ತದೆ. ‘ಮಳೆ ಬರುತ್ತಂತೆ.’ ನಾನು ನೋಡಿದ್ದಲ್ಲ, ಕೇಳಿದ್ದು. ಜವಾಬ್ದಾರಿ ನನ್ನದಲ್ಲ. ಖಚಿತವಿಲ್ಲದ ಮಾತಿನ ರಾಶಿಗೆ ‘ಅಂತೆ ಕಂತೆಗಳ ಸಂತೆ’ ಎಂದು ಹೆಸರನ್ನೇ ಇಟ್ಟಿದ್ದೇವೆ. ಇಷ್ಟು ಚೊಕ್ಕವಾದ ಎಚ್ಚರಿಕೆಯ ಗಂಟೆ ನಮ್ಮ ಭಾಷೆಯಲ್ಲೇ ಇರುವಾಗ, ಫಾರ್ವರ್ಡ್‌ಗಳಲ್ಲಿ ಅದು ಕಾಣುವುದು ಅಪರೂಪ. ‘ಅಂತೆ’ ಇದ್ದರೆ ಯಾರು ಶೇರ್ ಮಾಡುತ್ತಾರೆ?

‘ಅಂತೆ’ ಬಿದ್ದುಹೋದರೆ ಏನಾಗಬಹುದು ಎಂಬುದಕ್ಕೆ ದೂರ ಹೋಗಬೇಕಿಲ್ಲ. 2018ರಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ವಾಟ್ಸಾಪ್ ಸಂದೇಶಗಳು ದೇಶದ ಹಲವು ಕಡೆ ಹಬ್ಬಿದ್ದವು. ಆ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಇಂತಹ ವದಂತಿ ನಂಬಿದ ಗುಂಪೊಂದು ದಾರಿಯಲ್ಲಿ ಹೋಗುತ್ತಿದ್ದವರ ಮೇಲೆ ಬಿತ್ತು. ಹೈದರಾಬಾದಿನ ಯುವಕನೊಬ್ಬ ಪ್ರಾಣ ಕಳೆದುಕೊಂಡ. ‘ಬಂದಿದ್ದಾರೆ’ ಮತ್ತು ‘ಬಂದಿದ್ದಾರಂತೆ’ ನಡುವಿನ ಅಂತರ ಅಷ್ಟು ದೊಡ್ಡದು. ಅದೇ ತಿಂಗಳು ವಾಟ್ಸಾಪ್ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ಮಿತಿ ಹಾಕುವುದಾಗಿ ಘೋಷಿಸಿತು. 2020ರ ಏಪ್ರಿಲ್‌ನಿಂದ, ಎರಡು ಬಾಣದ ಗುರುತಿರುವ ಸಂದೇಶಗಳನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಕಂಪನಿ ಸಂಖ್ಯೆಗೆ ಮಿತಿ ಹಾಕಬಹುದು. ವಾಕ್ಯದ ಬಾಲ ಕತ್ತರಿಸುವುದನ್ನು ತಡೆಯಲು ಅದರಿಂದಾಗದು. ಅದು ನಮ್ಮ ಕೆಲಸ.

ಫಾರ್ವರ್ಡ್ ಒತ್ತುವ ಮುನ್ನ ಐದು ಪ್ರಶ್ನೆ

• ಈ ಮಾತಿನ ಹಿಂದೆ ‘ಎಂದು’ ಇತ್ತೇ? ಇದ್ದರೆ ಹೇಳಿದವರು ಯಾರು?

• ಕ್ರಿಯಾಪದ ಯಾವುದು? ಊಹಿಸಿದರೋ, ಹೇಳಿದರೋ, ಪರೀಕ್ಷಿಸಿ ಕಂಡುಕೊಂಡರೋ?

• ‘ಪುರಾವೆ ಇಲ್ಲ’ ಎಂದಿದ್ದರೆ, ಹುಡುಕಿ ಸಿಗದೇ ಹೋಗಿದ್ದೋ, ಇನ್ನೂ ಹುಡುಕಿಯೇ ಇಲ್ಲವೋ?

• ‘ಯಾಕೆ’, ‘ಹೇಗೆ’ ಎಂಬ ತಲೆಬರಹ ಯಾವುದನ್ನು ಮೊದಲೇ ಸತ್ಯವೆಂದು ಹಿಡಿದಿದೆ?

• ಮಾತ್ರೆ, ಊಟ, ಚಿಕಿತ್ಸೆಯ ವಿಷಯವಾದರೆ, ನಿಮ್ಮ ಡಾಕ್ಟರನ್ನು ಕೇಳಿದಿರಾ? ಯಾವ ಫಾರ್ವರ್ಡ್ ನೋಡಿಯೂ ಮಾತ್ರೆ ನಿಲ್ಲಿಸಬೇಡಿ, ಶುರುವೂ ಮಾಡಬೇಡಿ.

ಇಂಗ್ಲಿಷ್ ಮೂಲ ಸಿಕ್ಕರೆ ಪೂರ್ತಿ ಓದಲಾಗದಿದ್ದರೂ ಪರವಾಗಿಲ್ಲ. ‘ದಟ್’ ಅಥವಾ ‘ವೆದರ್’ ಎಲ್ಲಿದೆ ಎಂದು ಹುಡುಕಿ, ಅದರ ಎಡಕ್ಕಿರುವ ಒಂದೆರಡು ಪದ ಓದಿ. ಸುದ್ದಿಯ ನಿಜವಾದ ತೂಕ ಬಹುಪಾಲು ಅಲ್ಲೇ ಸಿಗುತ್ತದೆ.

ನಮ್ಮ ದೊಡ್ಡಮ್ಮ ಈಗಲೂ ಫಾರ್ವರ್ಡ್ ಕಳಿಸುವುದನ್ನು ಬಿಟ್ಟಿಲ್ಲ. ಆದರೆ ಈಗ ಪ್ರತಿಯೊಂದರ ಕೆಳಗೂ ತಾವೇ ಒಂದು ಸಾಲು ಟೈಪ್ ಮಾಡುತ್ತಾರೆ: ‘ಹೀಗಂತೆ. ನಿಜವಾ ನೋಡಿ ಹೇಳಿ.’ ಒಂದು ‘ಅಂತೆ’, ಒಂದು ಪ್ರಶ್ನೆ. ನಮ್ಮ ಗ್ರೂಪಿನಲ್ಲಿ ಬರುವ ಮೆಸೇಜುಗಳಲ್ಲಿ ನನಗೆ ಅತಿ ಹೆಚ್ಚು ನೆಮ್ಮದಿ ಕೊಡುವ ಸಾಲು ಅದೇ.